ನೆರೆ ಇಳಿದ ಮೇಲೆ ಹಾಡಿದ ಊರು



ಆಗಸ್ಟ್ 28 ಸಂತ ಅಗಸ್ಟೀನರ ಹಬ್ಬ. ಹಾಡಿನ ವಿಷಯದಲ್ಲಿ ಈ ಸಂತರ ಮನಸ್ಸು ಸ್ವಲ್ಪ ಇಬ್ಬಗೆಯದು. ಮಿಲಾನ್ ನಗರದ ದೇವಾಲಯದಲ್ಲಿ ಸ್ತುತಿಗೀತೆಗಳನ್ನು ಕೇಳಿ ಕಣ್ಣೀರಿಟ್ಟದ್ದನ್ನು ತಮ್ಮ 'ಕನ್ಫೆಷನ್ಸ್' ಗ್ರಂಥದಲ್ಲಿ ಅವರೇ ಬರೆದುಕೊಂಡಿದ್ದಾರೆ. ಅದೇ ಗ್ರಂಥದ ಇನ್ನೊಂದೆಡೆ, ಹಾಡಿನ ಅರ್ಥಕ್ಕಿಂತ ರಾಗವೇ ತಮ್ಮನ್ನು ಹೆಚ್ಚು ಸೆಳೆದರೆ ಅದು ತಪ್ಪಲ್ಲವೇ ಎಂದು ಚಿಂತಿಸುತ್ತಾರೆ. ಗುರುಗಳಿಗೂ ಗಾಯನ ವೃಂದದವರಿಗೂ ಇಂದಿಗೂ ನಡೆಯುವ ವಾಗ್ವಾದ ಇದೇ ತಾನೇ! 430ರಲ್ಲಿ ಅವರು ಕಣ್ಣುಮುಚ್ಚಿದಾಗ ಅವರ ಹಿಪ್ಪೋ ನಗರವನ್ನು ಶತ್ರು ಸೈನ್ಯ ಸುತ್ತುವರಿದಿತ್ತು. ಊರಿಗೆ ವಿಪತ್ತು ಬಂದಾಗ ಜನರೊಡನೆ ಉಳಿದ ಈ ಸಂತರ ಹೆಸರನ್ನೇ ಹೊತ್ತ ಒಂದು ದೇವಾಲಯದ, ಅದರ ಸುತ್ತಲಿನ ಸಂಗೀತಗಾರರ ಚರಿತ್ರೆಯನ್ನು ಈ ಹಬ್ಬದಂದು ನೆನೆಯೋಣ.

ದೇವಾಲಯ ಇರುವುದು ಅಮೆರಿಕದ ಲೂಸಿಯಾನ ರಾಜ್ಯದ ನ್ಯೂ ಆರ್ಲಿನ್ಸ್ ನಗರದಲ್ಲಿ. ಮಿಸಿಸಿಪ್ಪಿ ನದಿಯ ದಡದ ಈ ಊರನ್ನು ಮೊದಲು ಫ್ರೆಂಚರು, ಆಮೇಲೆ ಸ್ಪೇನಿನವರು ಆಳಿದ್ದರಿಂದ ಕಥೋಲಿಕ ಧರ್ಮ ಅಲ್ಲಿ ಆಳವಾಗಿ ಬೇರೂರಿತು. ಜಾಝ್ ಸಂಗೀತ ಹುಟ್ಟಿದ್ದೂ ಅಲ್ಲಿಯೇ. ಆ ನಗರದ ಟ್ರೆಮೆ ಎಂಬ ಬಡಾವಣೆಯಲ್ಲಿ, ಗುಲಾಮಗಿರಿ ಇನ್ನೂ ಜಾರಿಯಲ್ಲಿದ್ದ ಕಾಲದಲ್ಲಿ, ಬಿಡುಗಡೆ ಪಡೆದಿದ್ದ ಕಪ್ಪು ಜನರು ತಮಗೊಂದು ದೇವಾಲಯ ಬೇಕೆಂದು ಧರ್ಮಾಧ್ಯಕ್ಷ ಆಂಟ್ವಾನ್ ಬ್ಲಾಂಕ್ ಅವರನ್ನು ಕೇಳಿಕೊಂಡರು. 1841ರಲ್ಲಿ ಧರ್ಮಕೇಂದ್ರ ಸ್ಥಾಪನೆಯಾಯಿತು. ಜಾಗ ಕೊಟ್ಟ ಉರ್ಸುಲೈನ್ ಕನ್ಯಾಸ್ತ್ರೀಯರ ಕೋರಿಕೆಯಂತೆ ಸಂತ ಅಗಸ್ಟೀನರ ಹೆಸರಿಟ್ಟರು.

ಆ ಕಾಲದಲ್ಲಿ ದೇವಾಲಯದ ಬೆಂಚುಗಳಿಗೆ ಹಣ ಕೊಟ್ಟು ಕುಟುಂಬಗಳು ತಮ್ಮ ಜಾಗ ಹಿಡಿಯುತ್ತಿದ್ದವು. ಕಪ್ಪು ಜನ ಬೆಂಚು ಕೊಳ್ಳುತ್ತಿರುವುದನ್ನು ಕಂಡು ಬಿಳಿಯರೂ ಪೈಪೋಟಿಗಿಳಿದರು. ಆ ಪೈಪೋಟಿಯಲ್ಲಿ ಗೆದ್ದ ಕಪ್ಪು ಜನ ಮಾಡಿದ ಕೆಲಸ ನೋಡಿ: ಎರಡೂ ಪಕ್ಕದ ಸಾಲುಗಳ ಬೆಂಚುಗಳನ್ನು ಕೊಂಡು ಗುಲಾಮರಿಗೆ ಬಿಟ್ಟುಕೊಟ್ಟರು. ತನ್ನ ದೇಹವೇ ತನ್ನದಲ್ಲದ ಮನುಷ್ಯನಿಗೆ ಬಲಿಪೂಜೆಯಲ್ಲಿ ಕುಳಿತುಕೊಳ್ಳಲು ತನ್ನದೆನ್ನುವ ಒಂದು ಜಾಗ ಸಿಕ್ಕಿತು. ಮುಂದೆ ಪೂಜ್ಯ ಪದವಿಗೇರಿದ ಹೆನ್ರಿಯೆಟ್ ಡೆಲಿಲ್ ತಮ್ಮ ಕನ್ಯಾಸ್ತ್ರೀಯರ ಸಭೆಯನ್ನು ಆರಂಭಿಸಿದ್ದೂ ಈ ಆವರಣದ ಸಂಬಂಧದಲ್ಲೇ.

ಇನ್ನು 2005ಕ್ಕೆ ಬರೋಣ. ಆ ವರ್ಷ ಆಗಸ್ಟ್ 28 ಭಾನುವಾರವೇ ಆಗಿತ್ತು. ಕತ್ರೀನಾ ಚಂಡಮಾರುತ ಸಮೀಪಿಸುತ್ತಿದೆ, ಎಲ್ಲರೂ ಊರು ಬಿಡಲೇಬೇಕು ಎಂದು ನಗರದ ಮೇಯರ್ ಆ ಬೆಳಿಗ್ಗೆ ಆಜ್ಞೆ ಹೊರಡಿಸಿದರು. ಕಾರಿದ್ದವರು ಹೊರಟರು, ಇಲ್ಲದವರು ಉಳಿದರು. ಸೋಮವಾರ ಗಾಳಿ ಬಡಿಯಿತು. ಆದರೆ ಊರನ್ನು ಮುಳುಗಿಸಿದ್ದು ಗಾಳಿಯಲ್ಲ, ಒಡೆದ ಏರಿಗಳು. ಕಾಲುವೆಗಳ ತಡೆಗೋಡೆಗಳು ಕುಸಿದು ನಗರದ ಶೇಕಡಾ 80ರಷ್ಟು ಭಾಗ ನೀರಿನಲ್ಲಿ ನಿಂತಿತು. ಒಟ್ಟು 1,300ಕ್ಕೂ ಹೆಚ್ಚು ಜನ ಸತ್ತರು. ಇದನ್ನು ಬರೀ ದೈವಕೋಪ ಎನ್ನುವವರನ್ನು ನಾವು ಒಪ್ಪುವುದಿಲ್ಲ. ಗೋಡೆ ಕಟ್ಟಿದ್ದು ಮನುಷ್ಯರೇ, ಅದು ತಡೆಯಲಾರದೆ ಹೋದದ್ದು ಅವರ ಲೆಕ್ಕ ತಪ್ಪಿದ್ದರಿಂದ.

ಸಂಗೀತಗಾರರ ಪಾಡು ಏನಾಯಿತು? ಅವರಲ್ಲಿ ಬಹಳ ಮಂದಿ ಇಂದು ನುಡಿಸಿದರೆ ಇಂದಿನ ಊಟ ಎನ್ನುವವರು. ತಗ್ಗು ಪ್ರದೇಶದಲ್ಲಿ ಅವರ ಮನೆಗಳು. ಕಹಳೆ, ಡ್ರಮ್ಮು, ಪಿಯಾನೊ ಎಲ್ಲವೂ ಕೆಸರು ನೀರಿನಲ್ಲಿ. ಫ್ಯಾಟ್ಸ್ ಡೊಮಿನೊ ಎಂಬ ಜಗತ್ಪ್ರಸಿದ್ಧ ಪಿಯಾನೊ ವಾದಕರು ಮನೆಯಲ್ಲೇ ಉಳಿದಿದ್ದರು. ಅವರು ಸತ್ತರೆಂದು ಯಾರೋ ಅವರ ಮನೆಯ ಗೋಡೆಯ ಮೇಲೆ ಬಣ್ಣದಲ್ಲಿ ಶ್ರದ್ಧಾಂಜಲಿ ಬರೆದರು. ಅಷ್ಟರಲ್ಲಿ ಅವರನ್ನು ದೋಣಿಯಲ್ಲಿ ಪಾರುಮಾಡಿ ಆಗಿತ್ತು. ಉಳಿದವರು ಹ್ಯೂಸ್ಟನ್, ಅಟ್ಲಾಂಟಾ ಎಂದು ದಿಕ್ಕಿಗೊಬ್ಬರಾದರು. ಬ್ಯಾಬಿಲೋನಿನ ಸೆರೆಯಲ್ಲಿ ವಾದ್ಯಗಳನ್ನು ಮರಕ್ಕೆ ತೂಗುಹಾಕಿ ಕುಳಿತ ಇಸ್ರಯೇಲರ ದುಃಖ 137ನೇ ಕೀರ್ತನೆಯಲ್ಲಿದೆ. ಇವರ ಬಳಿ ತೂಗುಹಾಕಲು ವಾದ್ಯವೂ ಇರಲಿಲ್ಲ.

ಆ ಊರಿನ ಶವಸಂಸ್ಕಾರದ ಪದ್ಧತಿ ವಿಶಿಷ್ಟವಾದುದು. ಸಮಾಧಿಯವರೆಗೆ ಬ್ಯಾಂಡಿನವರು ನಿಧಾನ ಗತಿಯ ಭಕ್ತಿಗೀತೆ ನುಡಿಸುತ್ತಾ ನಡೆಯುತ್ತಾರೆ. ದೇಹವನ್ನು ಒಪ್ಪಿಸಿದ ಮೇಲೆ ತಾಳ ಬದಲಾಗುತ್ತದೆ, ಅದೇ ಜನ ಕುಣಿಯುತ್ತಾ ಹಿಂದಿರುಗುತ್ತಾರೆ. ಸಾವೇ ಕೊನೆಯಲ್ಲ ಎಂದು ನಾವು ಪ್ರಬೋಧನೆಯಲ್ಲಿ ಅರ್ಧ ಗಂಟೆ ಹೇಳುವುದನ್ನು ಅವರು ಕಾಲಿನಲ್ಲಿ ಹೇಳುತ್ತಾರೆ. ಊರು ಬಿಟ್ಟು ಅಟ್ಲಾಂಟಾ ಸೇರಿದ್ದ ಆಸ್ಟಿನ್ ಲೆಸ್ಲಿ ಎಂಬ ಹೆಸರಾಂತ ಬಾಣಸಿಗರು ಅಲ್ಲಿಯೇ ತೀರಿಕೊಂಡಾಗ, ಅಕ್ಟೋಬರ್ 9ರಂದು ನ್ಯೂ ಆರ್ಲಿನ್ಸಿನ ಬರಿದಾದ ಬೀದಿಗಳಲ್ಲಿ ಹಾಟ್ 8 ಬ್ರಾಸ್ ಬ್ಯಾಂಡಿನವರು ಅವರಿಗಾಗಿ ಹೀಗೆ ನುಡಿಸಿದರು. ನೆರೆಯ ನಂತರ ಆ ಊರು ಕೇಳಿದ ಮೊದಲ ಅಂತಿಮ ಯಾತ್ರೆಯ ವಾದ್ಯ ಅದು. ಬದುಕಿದ್ದವರು ಬೀದಿಯಲ್ಲಿ ಒಬ್ಬರನ್ನೊಬ್ಬರು ಕಂಡುಕೊಂಡದ್ದೂ ಆಗಲೇ. 2006ರ ಜನವರಿಯಲ್ಲಿ ಹತ್ತಾರು ಸಂಘಗಳು ಸೇರಿ ಮೆರವಣಿಗೆ ತೆಗೆದಾಗ ಚದುರಿದ್ದವರು ದೂರದ ಊರುಗಳಿಂದ ಬಂದು ಸೇರಿಕೊಂಡರು. ಈ ಸಂಘಗಳು ಮೂಲತಃ ಕಾಯಿಲೆಗೂ ಸಾವಿಗೂ ಸದಸ್ಯರಿಂದ ಚಂದಾ ಎತ್ತಿ ನೆರವಾಗುತ್ತಿದ್ದಂಥವು.

ಆದರೆ ಮೆರವಣಿಗೆ ಮುಗಿದ ಮೇಲೆ ಮಲಗಲು ಮನೆ ಬೇಕಲ್ಲ? ಕೆಲವರು ದಾನಿಗಳಿಂದ ವಾದ್ಯಗಳನ್ನು ತರಿಸಿ ಹಂಚಿದರು, ಒಳ್ಳೆಯದೇ. ಅದಕ್ಕಿಂತ ಮುಂದೆ ಯೋಚಿಸಿದವರು ಆ ಊರಿನ ಮಕ್ಕಳೇ ಆದ ಹ್ಯಾರಿ ಕಾನಿಕ್ ಜೂನಿಯರ್ ಮತ್ತು ಬ್ರ್ಯಾನ್‌ಫರ್ಡ್ ಮಾರ್ಸಾಲಿಸ್. ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿ ಸಂಸ್ಥೆಯೊಡನೆ ಸೇರಿ ಅವರು 'ಮ್ಯುಸಿಷಿಯನ್ಸ್ ವಿಲೇಜ್' ಎಂಬ ಸಂಗೀತಗಾರರ ಬಡಾವಣೆಯನ್ನು ಎಬ್ಬಿಸಿದರು. 72 ಮನೆಗಳು, ವೃದ್ಧರಿಗೆ ಬೇರೆ ವಸತಿ. ಮನೆ ಪಡೆಯುವವರು ಬಡ್ಡಿಯಿಲ್ಲದ ಸಾಲದ ಕಂತು ಕಟ್ಟಬೇಕು, ಮನೆ ಕಟ್ಟುವಾಗ ತಾವೂ ಮೈಮುರಿದು ದುಡಿಯಬೇಕು. ಆದರೆ ನಿತ್ಯ ಕೈಗೆ ಬಂದದ್ದನ್ನು ಜೇಬಿಗಿಳಿಸುವ ವಾದ್ಯಗಾರನ ಬಳಿ ಆದಾಯದ ಚೀಟಿ ಎಲ್ಲಿರುತ್ತದೆ? ದಾಖಲೆ ಸರಿಯಿಲ್ಲವೆಂದು ಅನೇಕರ ಅರ್ಜಿ ತಿರಸ್ಕೃತವಾಯಿತು. ಯಾರಿಗಾಗಿ ಯೋಜನೆಯೋ ಅವರೇ ಹೊರಗುಳಿಯುವುದು ನಮ್ಮ ದೇಶಕ್ಕೂ ಹೊಸದೇನಲ್ಲ. ಆದರೂ ಬಡಾವಣೆ ತುಂಬಿತು. 2011ರಲ್ಲಿ ಬ್ರ್ಯಾನ್‌ಫರ್ಡ್ ಅವರ ತಂದೆ ಎಲ್ಲಿಸ್ ಮಾರ್ಸಾಲಿಸರ ಹೆಸರಿನಲ್ಲಿ ಅಲ್ಲೇ ಒಂದು ಸಂಗೀತ ಕೇಂದ್ರ ಬಾಗಿಲು ತೆರೆಯಿತು.

ಈಗ ಸಂತ ಅಗಸ್ಟೀನರ ದೇವಾಲಯದ ಸಂಗತಿ. ನಮ್ಮಂಥ ಗುರುಗಳಿಗೆ ಬರೆಯಲು ಸ್ವಲ್ಪ ಕಷ್ಟವಾದ ಭಾಗ ಇದು. ನೆರೆಯಿಂದ ಆ ಮಹಾಧರ್ಮಕ್ಷೇತ್ರದ ಅನೇಕ ದೇವಾಲಯಗಳು, ಶಾಲೆಗಳು ಹಾಳಾಗಿದ್ದವು. ಜನ ಊರು ಬಿಟ್ಟಿದ್ದರು, ಹಣವಿರಲಿಲ್ಲ. 2006ರ ಫೆಬ್ರವರಿಯಲ್ಲಿ ಮುಚ್ಚುವ ಧರ್ಮಕೇಂದ್ರಗಳ ಪಟ್ಟಿ ಹೊರಬಂದಾಗ ಅದರಲ್ಲಿ ಸಂತ ಅಗಸ್ಟೀನರ ಹೆಸರೂ ಇತ್ತು. ಜಾಝ್ ವಾದ್ಯಗಳೊಡನೆ ಬಲಿಪೂಜೆ ಅರ್ಪಿಸುತ್ತಿದ್ದ ಅಲ್ಲಿನ ಗುರು ಫಾದರ್ ಜೆರೋಮ್ ಲೆಡೂ ಅವರನ್ನು ಬಿಡುಗಡೆ ಮಾಡಲಾಯಿತು. ಭಕ್ತರು ಸಿಡಿದೆದ್ದರು. ಕೆಲವರು ಗುರುನಿವಾಸದೊಳಗೆ ಸೇರಿಕೊಂಡು ವಾರಗಟ್ಟಲೆ ಹೊರಬರಲಿಲ್ಲ. ಮಾರ್ಚ್ 26ರ ಭಾನುವಾರದ ಬಲಿಪೂಜೆಗೇ ಅಡ್ಡಿಯಾಯಿತು, ದೇವಾಲಯಕ್ಕೆ ಬೀಗ ಬಿತ್ತು.

ಬಲಿಪೂಜೆಯ ನಡುವೆ ಕೂಗಾಡಿದ್ದನ್ನು ನಾವು ಸರಿಯೆನ್ನಲಾರೆವು. ಮಹಾಧರ್ಮಾಧ್ಯಕ್ಷ ಆಲ್ಫ್ರೆಡ್ ಹ್ಯೂಸ್ ಅವರ ಮುಂದಿದ್ದ ಲೆಕ್ಕವೂ ಸುಳ್ಳಲ್ಲ. ನಾವೂ ಎಷ್ಟೋ ರಾತ್ರಿ ಲೆಕ್ಕದ ಪುಸ್ತಕ ಹಿಡಿದು ಕುಳಿತವರೇ. ಆದರೆ ಆ ಬೆಂಚುಗಳನ್ನು ಕೊಟ್ಟವರ ಹೆಸರು ಯಾವ ಲೆಕ್ಕದಲ್ಲಿ ಬರಬೇಕಿತ್ತು? ಮನೆ ಮುಳುಗಿದವನು ಹಿಂದಿರುಗಿ ಬಂದಾಗ ಅವನಿಗೆ ಉಳಿದಿದ್ದ ಜಾಗ ಅದೊಂದೇ ಆಗಿದ್ದರೆ? ಕೊನೆಗೆ ಎರಡೂ ಕಡೆಯವರು ಕುಳಿತು ಮಾತನಾಡಿದರು. ಭಕ್ತರ ಸಂಖ್ಯೆ, ಹಣಕಾಸು ಸುಧಾರಿಸಲು ಹದಿನೆಂಟು ತಿಂಗಳ ಗಡುವು ಸಿಕ್ಕಿತು. ಏಪ್ರಿಲ್ 9, ಗರಿಗಳ ಭಾನುವಾರ, ಬಾಗಿಲು ಮತ್ತೆ ತೆರೆಯಿತು. ಫಾದರ್ ಲೆಡೂ ಮಾತ್ರ ಹಿಂದಿರುಗಲಿಲ್ಲ. ಟೆಕ್ಸಾಸಿನ ಫೋರ್ಟ್ ವರ್ತ್‌ನಲ್ಲಿ ಸೇವೆ ಮುಂದುವರಿಸಿ 2019ರಲ್ಲಿ ಪ್ರಭುವಿನಲ್ಲಿ ನಿದ್ರಿಸಿದರು.

ಗಡುವು ಕಳೆಯಿತು, ದೇವಾಲಯ ಮುಚ್ಚಲಿಲ್ಲ. 2021ರ ಆಗಸ್ಟ್ 29ರಂದು, ಸಂತ ಅಗಸ್ಟೀನರ ಹಬ್ಬದ ಮರುದಿನ, ಕತ್ರೀನಾ ಬಂದ ತಾರೀಖಿಗೇ ಐಡಾ ಎಂಬ ಇನ್ನೊಂದು ಚಂಡಮಾರುತ ಬಂದು ಆ ಕಟ್ಟಡವನ್ನು ಘಾಸಿಗೊಳಿಸಿತು. ಭಕ್ತರು ಮತ್ತೆ ದುರಸ್ತಿಗೆ ಹಣ ಕೂಡಿಸಲು ಹೊರಟರು.