ಊರೂರು ನಡೆದ ಹಾಡು ಮತ್ತು ಮಂಗಳೂರಿನ ಕಲ್ಲಚ್ಚು

ಕನ್ನಡದ ಸಾಹಿತ್ಯವು ಅರಸರ ಆಸ್ಥಾನಗಳಲ್ಲಿಯೂ ವಿದ್ವಾಂಸರ ಓಲೆಗರಿಗಳಲ್ಲಿಯೂ ಮಾತ್ರವೇ ಬಾಳಿತೆಂದು ಭಾವಿಸುವದು ಯುಕ್ತವಲ್ಲ. ಅದರ ಬಹುಭಾಗವು ಕಾಲ್ನಡೆಯಿಂದ ಊರೂರು ತಿರುಗುತ್ತಿದ್ದ ಹಾಡುಗಾರರ ಕಂಠಗಳಲ್ಲಿ ಉಳಿದುಬಂದಿತು. ಹೆಗಲ ಮೇಲೆ ತಂಬೂರಿ, ಕೈಯಲ್ಲಿ ಚಿಟಿಕೆತಾಳ, ಕಾಲಲ್ಲಿ ಗೆಜ್ಜೆ, ಇವೇ ಸಂಚಾರಿಯಾದ ಹರಿದಾಸನ ಐಶ್ವರ್ಯ. ಬೆಳಗಾಗುತ್ತಲೇ ಬೀದಿಯಲ್ಲಿ ಹಾಡಿ, ಮನೆಯವರು ನೀಡಿದ ಹಿಡಿ ಧಾನ್ಯವನ್ನು ಸ್ವೀಕರಿಸಿ ಅವನು ಮುಂದಿನ ಊರಿಗೆ ನಡೆಯುವನು. ಈ ವೃತ್ತಿಗೆ ಗೋಪಾಳವೆಂದು ಹೆಸರು. ಯಾತ್ರಾಸ್ಥಳವಾದ ಉಡುಪಿಯು ಕರಾವಳಿಯಲ್ಲಿಯೇ ಇದ್ದುದರಿಂದ ಘಟ್ಟದ ಮೇಲಣ ಹಾಡುಗಳು ಈ ಸೀಮೆಗೂ ಇಳಿದುಬಂದುದು ಸಹಜವೇ ಆಗಿದೆ.

ಈ ಪರಂಪರೆಯಲ್ಲಿ ಪುರಂದರದಾಸರು, ಕನಕದಾಸರು, ತರುವಾಯದ ವಿಜಯದಾಸರು (1682–1755), ಮಾನವಿಯ ಜಗನ್ನಾಥದಾಸರು (1728–1809) ಮೊದಲಾದವರು ಪ್ರಸಿದ್ಧರು. ಪ್ರತಿಯೊಂದು ಪದದ ಕೊನೆಯಲ್ಲಿ ಕರ್ತೃವಿನ ಅಂಕಿತವಿರುವದು. ‘ಪುರಂದರವಿಠಲ’ ಎಂದು ಕೇಳಿದೊಡನೆ ಪದವು ಯಾರದೆಂದು ಅಕ್ಷರವರಿಯದವನೂ ಹೇಳಬಲ್ಲನು. ಆದರೆ ಆ ಪದವನ್ನು ಹೊತ್ತು ನೂರಾರು ಹರದಾರಿ ನಡೆದವನಿಗೆ ಅಂಕಿತವಿಲ್ಲ. ಕಟ್ಟಿದವನ ಹೆಸರು ನಿಂತಿತು. ಹಾಡಿದವನ ಹೆಸರು ಹಾದಿಯಲ್ಲಿಯೇ ಅಳಿದುಹೋಯಿತು.

ಹೀಗೆ ಬಾಯಿಂದ ಬಾಯಿಗೆ ಸಾಗಿದ ಪದಗಳಿಗೆ ಸ್ಥಿರವಾದ ರೂಪವು ದೊರೆತುದರಲ್ಲಿ ಮಂಗಳೂರಿನ ಪಾತ್ರವು ಸ್ಮರಣೀಯವಾದುದು. ಜರ್ಮನಿಯಲ್ಲಿ 1811ರಲ್ಲಿ ಹುಟ್ಟಿದ ಹೆರ್ಮನ್ ಮೋಗ್ಲಿಂಗನು ಬಾಸೆಲ್ ಮಿಶನಿನ ಬೋಧಕನಾಗಿ 1836ರಲ್ಲಿ ಈ ಪಟ್ಟಣಕ್ಕೆ ಬಂದನು. 1843ರಲ್ಲಿ ‘ಮಂಗಳೂರ ಸಮಾಚಾರ’ವೆಂಬ ಕನ್ನಡದ ಮೊದಲನೆಯ ಪತ್ರಿಕೆಯನ್ನು ಹೊರಡಿಸಿದವನೂ ಇವನೇ. ನಿವೃತ್ತ ನ್ಯಾಯಾಧೀಶನಾದ ಕಾಸಮೇಜರನ ದ್ರವ್ಯಸಹಾಯದಿಂದ 1848ರಲ್ಲಿ ಆರಂಭವಾದ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿಭಾರತವೂ ಭೀಮಕವಿಯ ಬಸವಪುರಾಣವೂ ಪ್ರಕಟವಾದವು. ಅದೇ ಮಾಲೆಯಲ್ಲಿ 1850ರಲ್ಲಿ ದಾಸರ ಪದಗಳ ಸಂಗ್ರಹವೂ ಹೊರಬಿದ್ದಿತು. ಪರಧರ್ಮದ ಬೋಧಕನೊಬ್ಬನು ಹರಿನಾಮದ ಹಾಡುಗಳನ್ನು ಅಚ್ಚಿಗೆ ಕೊಟ್ಟನೆಂಬುದು ವಿಚಾರಶೀಲರನ್ನು ತಡೆದು ನಿಲ್ಲಿಸತಕ್ಕ ಸಂಗತಿಯಾಗಿದೆ. ತಾನು ಬೋಧಿಸಬೇಕಾದ ಜನರ ಮನಸ್ಸನ್ನು ಅರಿಯಲು ಅವರ ಹಾಡುಗಳನ್ನು ಬಲ್ಲವನಾಗಬೇಕೆಂಬುದು ಆತನಿಗೆ ತಿಳಿದಿದ್ದಿತು. ಮುಂದೆ ಕೆಲವು ಪದಗಳನ್ನು ಆತನು ಜರ್ಮನ್ ಭಾಷೆಗೂ ತಿರುಗಿಸಿದನು.

ಅಂದಿನ ಮುದ್ರಣವು ಕಲ್ಲಚ್ಚಿನದು. ಜಿಡ್ಡಿನ ಮಸಿಯಿಂದ ಬರೆದ ಬರಹವನ್ನು ನಯವಾದ ಸುಣ್ಣಕಲ್ಲಿನ ಮೇಲೆ ಇಳಿಸುವರು. ಕಲ್ಲಿಗೆ ನೀರು ಸವರಿದರೆ ಮಸಿಯು ಜಿಡ್ಡಿದ್ದಲ್ಲಿ ಮಾತ್ರ ಹಿಡಿಯುವದು. ಆದಕಾರಣ ಪುಟದಲ್ಲಿ ಕಾಣುವದು ಅಚ್ಚಿನ ಮೊಳೆಯಲ್ಲ, ಲಿಪಿಕಾರನ ಕೈಬರಹವೇ.

ಇದರಿಂದಾದ ಲಾಭನಷ್ಟಗಳೆರಡನ್ನೂ ತೂಗಿನೋಡಬೇಕು. ಹಾಡುಗಾರನು ಊರಿಗೆ ತಕ್ಕಂತೆ ಮಾತನ್ನು ಬದಲಿಸುವನು, ನುಡಿಯನ್ನು ಕೂಡಿಸುವನು, ಮರೆತುದನ್ನು ಬಿಡುವನು. ಪದವು ಅವನೊಡನೆ ಬೆಳೆಯುವದು. ಅಚ್ಚಾದ ಪದವು ಬೆಳೆಯದು, ಆದರೆ ಅಳಿಯದು. ಅಕ್ಷರಗಳನ್ನು ಹಿಡಿದ ಕಲ್ಲು ಕಂಠದ ಏರಿಳಿತವನ್ನು ಹಿಡಿಯಲಾರದಾಯಿತು. ತೂಬಿಂಗೆನ್ ವಿಶ್ವವಿದ್ಯಾಲಯವು 1858ರಲ್ಲಿ ಮೋಗ್ಲಿಂಗನಿಗೆ ಗೌರವ ಡಾಕ್ಟರ್ ಪದವಿಯನ್ನಿತ್ತು ಮನ್ನಿಸಿತು, ಅದು ನ್ಯಾಯವೇ. ಆದರೆ ಆ ಪದಗಳು ಸಂಗ್ರಾಹಕನ ಕೈಸೇರುವವರೆಗೆ ಮಳೆಬಿಸಿಲೆನ್ನದೆ ಅವನ್ನು ನಾಲಗೆಯ ಮೇಲೆ ಕಾಪಾಡಿದವರಿಗೆ ಹಿಡಿ ಅಕ್ಕಿಯ ಹೊರತು ಬೇರೆ ಮನ್ನಣೆಯಿರಲಿಲ್ಲ. ದಾಸರ ಪದವನ್ನು ಓದುವವರು ಅಂಕಿತವನ್ನು ಉಚ್ಚರಿಸುವಾಗ, ಅಂಕಿತವಿಲ್ಲದ ಆ ನಡೆಗಾರರನ್ನೂ ನೆನೆಯುವದು ಧರ್ಮವಾಗಿದೆ.