ಕಾಲು ಸೋತಿದ್ದೋ, ತಲೆ ಗೆದ್ದಿದ್ದೋ?

ಮೊನ್ನೆ ಭಾನುವಾರ ನಮ್ಮ ಅಪಾರ್ಟ್‌ಮೆಂಟಿನ ಶಟಲ್ ಕೋರ್ಟಿನಲ್ಲಿ, ರಿಟೈರ್ ಆಗಿರುವ ಅಂಕಲ್ ಒಬ್ಬರ ಕೈಲಿ ಹೀನಾಯವಾಗಿ ಸೋತೆ. "ಕಾಲು ಉಳುಕಿತ್ತು ಅಂಕಲ್" ಅಂದೆ. ಉಳುಕಿದ್ದೇನೋ ನಿಜ. ಅವರು ನಕ್ಕು, "ಗೊತ್ತಾಯ್ತಪ್ಪಾ, ಅದಕ್ಕೇ ನೆಟ್ ಹತ್ತಿರ ಹಾಕ್ತಾ ಇದ್ದೆ" ಅಂದರು! ರಾತ್ರಿ ಮಲಗಿದಾಗ ನೆನಪಾದದ್ದು 1975ರ ವಿಂಬಲ್ಡನ್ ಫೈನಲ್. ನಾನು ಹುಟ್ಟುವ ಎಷ್ಟೋ ವರ್ಷ ಮುಂಚಿನದು, ವಿಡಿಯೋದಲ್ಲಷ್ಟೇ ನೋಡಿದ್ದು.

ಒಂದು ಕಡೆ 22ರ ಜಿಮ್ಮಿ ಕಾನರ್ಸ್. ಹಿಂದಿನ ವರ್ಷದ ಚಾಂಪಿಯನ್, ಜಗತ್ತಿನ ನಂಬರ್ ಒನ್. ಫೈನಲ್‌ವರೆಗೆ ಒಂದೇ ಒಂದು ಸೆಟ್ ಕೂಡ ಬಿಟ್ಟುಕೊಟ್ಟಿರಲಿಲ್ಲ. ಇನ್ನೊಂದು ಕಡೆ ಆರ್ಥರ್ ಆಶ್. ಐದು ದಿನ ಕಳೆದರೆ 32 ತುಂಬುತ್ತಿತ್ತು. ಕಾನರ್ಸ್ ಎದುರು ಅದುವರೆಗೆ ಆಡಿದ ಮೂರೂ ಪಂದ್ಯ ಸೋತಿದ್ದ. ಸಾಲದ್ದಕ್ಕೆ, ಡೇವಿಸ್ ಕಪ್ ಆಡದ ತನ್ನನ್ನು ಟೀಕಿಸಿದನೆಂದು ಕಾನರ್ಸ್ ಅವನ ಮೇಲೆ ಮಾನನಷ್ಟ ಮೊಕದ್ದಮೆ ಬೇರೆ ಹೂಡಿದ್ದ.

ಸೆಮಿಫೈನಲ್‌ನಲ್ಲಿ ರಾಸ್ಕೋ ಟ್ಯಾನರ್ ಗುಂಡಿನಂಥ ಸರ್ವ್ ಹಾಕಿ 6-4, 6-1, 6-1ರಲ್ಲಿ ಮಣ್ಣು ಮುಕ್ಕಿದ್ದ. ಚೆಂಡು ಜೋರಾಗಿ ಬಂದಷ್ಟೂ ಕಾನರ್ಸ್‌ಗೆ ಹಬ್ಬ. ಹಾಗಾಗಿ ಆಶ್ ತನ್ನ ಸಹಜ ಹೊಡಿಬಡಿ ಆಟವನ್ನೇ ಬಿಟ್ಟ. ಎರಡು ಕೈಯ ಬ್ಯಾಕ್‌ಹ್ಯಾಂಡಿಗೆ ಎಟುಕದಂತೆ ಪಕ್ಕಕ್ಕೆ ತಿರುಗುವ ಸರ್ವ್, ಫೋರ್‌ಹ್ಯಾಂಡಿಗೆ ನಿಧಾನದ ತಗ್ಗು ಚೆಂಡು, ಮುಂದೆ ಬಂದರೆ ತಲೆ ಮೇಲೆ ಲಾಬ್. ಮೊದಲೆರಡು ಸೆಟ್ 6-1, 6-1!

ಕಾನರ್ಸ್‌ಗೆ ಮೊದಲ ಸುತ್ತಿನಲ್ಲೇ ಕಾಲಿಗೆ ಪೆಟ್ಟಾಗಿತ್ತು ಎಂಬ ಸುದ್ದಿ ಬಂದದ್ದು ಆಮೇಲೆ. "ಓ, ಹಾಗಾದರೆ ಅದಕ್ಕೇ ಸೋತ" ಎನ್ನುವವರು ಈಗಲೂ ಇದ್ದಾರೆ. ಆದರೆ ಅದೇ ಕಾಲಲ್ಲೇ ಅಲ್ಲವೇ ಟ್ಯಾನರನ್ನು ಹೊಡೆದು ಹಾಕಿದ್ದು?

ಆಫೀಸಿನಲ್ಲಿ ಬಗ್ ಹುಡುಕುವಾಗ ನಾವು ಒಂದೇ ಕಾರಣಕ್ಕೆ ಜೋತು ಬೀಳುತ್ತೇವೆ. ಎಷ್ಟೋ ಸಲ ಎರಡು ಸಣ್ಣ ತಪ್ಪುಗಳು ಒಟ್ಟಿಗೆ ಸೇರಿದಾಗ ಮಾತ್ರ ಪ್ರೋಗ್ರಾಮ್ ಬಿದ್ದುಹೋಗುತ್ತದೆ. ಇಲ್ಲೂ ಹಾಗೇ ಇರಬೇಕು ಅಂತ ನನ್ನ ಊಹೆ. ಜೋರು ಚೆಂಡಿಗೆ ರ್‍ಯಾಕೆಟ್ ಒಡ್ಡಿದರೆ ಸಾಕು, ಅದೇ ವೇಗ ವಾಪಸ್ ಹೋಗುತ್ತದೆ. ನಿಧಾನದ ತಗ್ಗು ಚೆಂಡಿಗೆ ಮಂಡಿ ಬಗ್ಗಿಸಬೇಕು, ಬಲವನ್ನು ಕಾಲಿನಿಂದಲೇ ತರಬೇಕು. ಟ್ಯಾನರ್ ಆಟದಲ್ಲಿ ಅಡಗಿದ್ದ ನೋವು ಆಶ್ ಆಟದಲ್ಲಿ ಹೊರಬಂದಿರಬಹುದು.

ಅಷ್ಟೇ ಅಲ್ಲ. ಮೂರನೇ ಸೆಟ್ಟನ್ನು ಕಾನರ್ಸ್ 7-5ರಲ್ಲಿ ಗೆದ್ದ, ನಾಲ್ಕನೆಯದರಲ್ಲಿ 3-0 ಮುಂದಿದ್ದ. ಬೇರೆ ಯಾರಾದರೂ ಗಾಬರಿಬಿದ್ದು ಹಳೆಯ ಆಟಕ್ಕೆ ಮರಳುತ್ತಿದ್ದರು. ಆಶ್ ಮರಳಲಿಲ್ಲ. ಬಿಡುವಿನಲ್ಲಿ ಕಣ್ಣು ಮುಚ್ಚಿ ಕೂತ, ಎದ್ದು ಅದೇ ಆಟ ಆಡಿದ, 6-4ರಲ್ಲಿ ಮುಗಿಸಿದ. ವಿಂಬಲ್ಡನ್ ಸಿಂಗಲ್ಸ್ ಗೆದ್ದ ಮೊದಲ ಕಪ್ಪು ಪುರುಷ ಅವನು. ಅಂಥ ಗೆಲುವಿನ ಪಕ್ಕ "ಎದುರಾಳಿಗೆ ಕಾಲು ನೋವಿತ್ತು" ಎಂದಷ್ಟೇ ಬರೆದು ಕೈತೊಳೆದುಕೊಂಡರೆ ಅದು ಅನ್ಯಾಯ. ನೋವೇ ಇರಲಿಲ್ಲ ಅನ್ನುವುದೂ ಅನ್ಯಾಯವೇ.

ನನ್ನ ಕಾಲು ಉಳುಕಿದ್ದು ನಿಜ. ಅದನ್ನು ಅಂಕಲ್ ಮೊದಲ ಗೇಮಿನಲ್ಲೇ ಕಂಡುಹಿಡಿದದ್ದೂ ನಿಜ. ಸೋತಾಗ ನಾನು ಹೇಳಿದ್ದು ಮಾತ್ರ ಅರ್ಧ ಸತ್ಯ. ಮುಂದಿನ ಭಾನುವಾರ "ಚೆನ್ನಾಗಿ ಆಡಿದ್ರಿ ಅಂಕಲ್" ಅಂತ ಹೇಳಿಯೇ ಶುರು ಮಾಡಬೇಕು.

ಆಮೇಲೆ ಸೇಡು ತೀರಿಸಿಕೊಂಡರಾಯಿತು :-)