ಶ್ರೀರಂಗಪಟ್ಟಣದ ಪಾಲುಪಟ್ಟಿ

1792ರ ಶ್ರೀರಂಗಪಟ್ಟಣದ ಒಪ್ಪಂದ ನಮ್ಮ ಪಠ್ಯಪುಸ್ತಕಗಳಲ್ಲಿ ಮೂರು ಮಾತಿನಲ್ಲಿ ಮುಗಿದುಹೋಗುತ್ತದೆ. ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, 3 ಕೋಟಿ 30 ಲಕ್ಷ ರೂಪಾಯಿ ಕೊಡಲು ಒಪ್ಪಿದ, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ. ಈ ಮೂರನೆಯದರ ಮೇಲೆ ನಮ್ಮ ಕಣ್ಣು ನಿಂತುಬಿಡುತ್ತದೆ. ಆ ಹುಡುಗರು ಲಾರ್ಡ್ ಕಾರ್ನ್‌ವಾಲಿಸನ ಡೇರೆಗೆ ಬಂದ ದೃಶ್ಯವನ್ನು ಇಂಗ್ಲಿಷ್ ಚಿತ್ರಕಾರರು ಮತ್ತೆ ಮತ್ತೆ ಬಿಡಿಸಿದ್ದಾರೆ. ಅವುಗಳಲ್ಲಿ ಗೆದ್ದವನಾಗಿ ನಮಗೆ ಕಾಣುವುದು ಕಾರ್ನ್‌ವಾಲಿಸ್ ಒಬ್ಬನೇ. ಆದರೆ ಗೆದ್ದವರು ಮೂವರು. ಬಿಟ್ಟುಕೊಟ್ಟ ಅರ್ಧ ರಾಜ್ಯವೂ ಮೂರು ಪಾಲಾಯಿತು. ಹದಿನೆಂಟನೇ ಶತಮಾನದ ದಖ್ಖನಿನ ರಾಯಭಾರದ ಬಗ್ಗೆ ಸಂಶೋಧನೆ ಮಾಡುತ್ತಿರುವ ನನಗೆ ಆ ಮೂವರ ನಡುವೆ ನಡೆದದ್ದೇ ಹೆಚ್ಚು ಕಾಡುತ್ತದೆ.

ಕಥೆ 1790ರಲ್ಲಿ ಶುರುವಾಗುತ್ತದೆ. ಈಸ್ಟ್ ಇಂಡಿಯಾ ಕಂಪನಿ ಜೂನ್ 1ರಂದು ಪುಣೆಯಲ್ಲಿ ಪೇಶ್ವೆಯ ಜೊತೆಗೂ ಜುಲೈ 4ರಂದು ಪಾನಗಲ್ಲಿನಲ್ಲಿ ಹೈದರಾಬಾದಿನ ನಿಜಾಮನ ಜೊತೆಗೂ ಟಿಪ್ಪುವಿನ ವಿರುದ್ಧ ಒಪ್ಪಂದ ಮಾಡಿಕೊಂಡಿತು. ಎರಡರ ಸಾರವೂ ಒಂದೇ: ಗೆದ್ದದ್ದನ್ನು ಹಂಚಿಕೊಳ್ಳಬೇಕು, ಸಂಧಿಯಾದರೆ ಎಲ್ಲರೂ ಒಪ್ಪಿಯೇ ಆಗಬೇಕು, ಸಂಧಿಯಾದ ಮೇಲೂ ಟಿಪ್ಪು ಯಾರ ಮೇಲಾದರೂ ಏರಿಬಂದರೆ ಉಳಿದವರು ಕೂಡಿ ಅವನನ್ನು ಶಿಕ್ಷಿಸಬೇಕು. ನಿಜಾಮನಿಗೆ ಇನ್ನೊಂದು ಮಾತು ಬೇಕಿತ್ತು. ತನ್ನ ಸೈನ್ಯ ಮೈಸೂರಿನ ಕಡೆ ಹೋದಾಗ ಬೆನ್ನ ಹಿಂದೆ ಮರಾಠರು ಬಂದರೆ ಗತಿಯೇನು? ಅದಕ್ಕೊಂದು ಜಾಮೀನು ಬೇಕು. ಒಪ್ಪಂದದಲ್ಲಿ ಅದು ಸೇರಲಿಲ್ಲ. ಟಿಪ್ಪುವಿನ ವಿರುದ್ಧ ಕೈಜೋಡಿಸುವ ಹೊತ್ತಿಗೇ ಒಬ್ಬ ಮಿತ್ರ ಇನ್ನೊಬ್ಬ ಮಿತ್ರನಿಗೆ ಹೆದರುತ್ತಿದ್ದ ಎಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಯುದ್ಧದ ನಡುವೆ ಈ ಮೈತ್ರಿ ಹೇಗಿತ್ತು ಎನ್ನುವುದಕ್ಕೆ 1791ರ ಮೇ ತಿಂಗಳು ಸಾಕು. ಮಾರ್ಚಿನಲ್ಲಿ ಬೆಂಗಳೂರು ಹಿಡಿದಿದ್ದ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದ. ಆದರೆ ಮಳೆ, ರೋಗ, ಹಸಿವು. ಫಿರಂಗಿ ಎಳೆಯುವ ಎತ್ತುಗಳು ಸಾಲುಸಾಲಾಗಿ ಸತ್ತವು. ಮುತ್ತಿಗೆಯ ದೊಡ್ಡ ಫಿರಂಗಿಗಳನ್ನು ತಾನೇ ಒಡೆದುಹಾಕಿ ಹಿಂದಿರುಗಿದ. ಮೇಲುಕೋಟೆಯ ಸುತ್ತಿನಲ್ಲಿ ಕುದುರೆ ಸೈನ್ಯವೊಂದು ಎದುರಾದಾಗ ಅದು ಟಿಪ್ಪುವಿನದೆಂದೇ ಇಂಗ್ಲಿಷರು ತಿಳಿದಿದ್ದರು. ಬಂದವರು ಹರಿಪಂತ ಫಡ್ಕೆ ಮತ್ತು ಪರಶುರಾಮ ಭಾವು ಪಟವರ್ಧನ. ಬರುವ ಸುದ್ದಿಯ ಪತ್ರಗಳನ್ನು ಟಿಪ್ಪುವಿನ ಸವಾರರು ದಾರಿಯಲ್ಲೇ ತಡೆದಿದ್ದರು. ಮರಾಠರ ದಂಡಿನ ಜೊತೆ ಒಂದು ಇಡೀ ಪೇಟೆಯೇ ನಡೆದುಬಂದಿತ್ತು: ಧಾನ್ಯ, ಕಾಶ್ಮೀರದ ಶಾಲು, ಇಂಗ್ಲೆಂಡಿನ ಬನಾತು, ಬರ್ಮಿಂಗ್‌ಹ್ಯಾಮಿನ ಚಾಕು. ಹಸಿದ ಇಂಗ್ಲಿಷ್ ಸೈನ್ಯಕ್ಕೆ ಅನ್ನ ಸಿಕ್ಕಿತು, ಆದರೆ ಮರಾಠರು ಹೇಳಿದ ಬೆಲೆಗೆ. ಸ್ವಲ್ಪ ದಿನದಲ್ಲೇ ಅವರು ದೊಡ್ಡ ಸಾಲವನ್ನೂ ಕೇಳಿದರು. ಚೀನಾ ವ್ಯಾಪಾರಕ್ಕೆಂದು ಮದರಾಸಿಗೆ ಬಂದಿದ್ದ ಬೆಳ್ಳಿಯನ್ನು ಕಾರ್ನ್‌ವಾಲಿಸ್ ಇತ್ತ ತಿರುಗಿಸಬೇಕಾಯಿತು. ಅವನ ಕಡೆಯವರು ಬರೆದ ಇತಿಹಾಸಗಳಲ್ಲಿ ಈ ಪೇಟೆಯ ವರ್ಣನೆ ಬಂದಾಗಲೆಲ್ಲ ಒಂದು ಕಹಿ ಇರುತ್ತದೆ. ನನಗಂತೂ ಮರಾಠರು ಮಾಡಿದ್ದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಕಂಪನಿ ಎಂಬ ಹೆಸರಿಟ್ಟುಕೊಂಡವರು ವ್ಯಾಪಾರದ ಬಗ್ಗೆ ದೂರುವುದು ತಮಾಷೆಯೇ.

ಅದೇ ವರ್ಷದ ಕೊನೆಗೆ ಪರಶುರಾಮ ಭಾವು, ಒಪ್ಪಿಕೊಂಡ ಯೋಜನೆಯ ಪ್ರಕಾರ ಪಶ್ಚಿಮದಿಂದ ಬರುತ್ತಿದ್ದ ಮುಂಬಯಿ ಸೈನ್ಯವನ್ನು ಕೂಡಿಕೊಳ್ಳುವುದನ್ನು ಬಿಟ್ಟು, ಶಿವಮೊಗ್ಗ ಮತ್ತು ಬಿದನೂರಿನ ಕಡೆ ಹೋದ. ಸಂಧಿಯಾಗುವ ಮೊದಲೇ ಯಾರ ಕೈಯಲ್ಲಿ ಯಾವ ನೆಲ ಇರುತ್ತದೆಯೋ ಅದರ ಮೇಲೆ ಮಾತಾಡುವುದು ಸುಲಭ ಎಂದು ಅವನಿಗೆ ಗೊತ್ತಿದ್ದಿರಬೇಕು.

1792ರ ಫೆಬ್ರವರಿ 6ರ ರಾತ್ರಿ ಶ್ರೀರಂಗಪಟ್ಟಣದ ಹೊರಕೋಟೆಗಳು ಬಿದ್ದ ಮೇಲೆ ಡೇರೆಗಳಲ್ಲಿ ಮಾತುಕತೆ ಶುರುವಾಯಿತು. ಟಿಪ್ಪುವಿನ ಕಡೆಯಿಂದ ಗುಲಾಮ್ ಅಲಿ ಖಾನ್ ಮತ್ತು ಅಲಿ ರಜಾ ಖಾನ್, ಕಂಪನಿಯ ಕಡೆಯಿಂದ ಸರ್ ಜಾನ್ ಕೆನ್ನವೇ, ನಿಜಾಮನ ಕಡೆಯಿಂದ ಮೀರ್ ಆಲಂ, ಮರಾಠರ ವಕೀಲರು. ಮೇಲುನೋಟಕ್ಕೆ ಇದು ಮೂವರು ಒಂದು ಕಡೆ, ಟಿಪ್ಪು ಇನ್ನೊಂದು ಕಡೆ. ಒಳಗೆ ಹಾಗಿರಲಿಲ್ಲ. ಪುಣೆಯಲ್ಲಿದ್ದ ನಾನಾ ಫಡ್ನವೀಸನಿಗೆ ಟಿಪ್ಪು ಸೋಲಬೇಕಿತ್ತು, ಆದರೆ ಇಲ್ಲವಾಗಬಾರದಿತ್ತು. ಮೈಸೂರು ಪೂರ್ತಿ ಅಳಿದರೆ ದಕ್ಷಿಣದಲ್ಲಿ ಇಂಗ್ಲಿಷರನ್ನು ತಡೆಯಲು ಮರಾಠರೊಬ್ಬರೇ ಉಳಿಯುತ್ತಾರೆ. ಹಾಗಾಗಿ ಹರಿಪಂತ ಸಂಧಿಯ ಪರವಾಗಿದ್ದ. ನಿಜಾಮನಿಗೆ ನೆಲವೂ ಬೇಕು, ಮರಾಠರಿಂದ ರಕ್ಷಣೆಯೂ ಬೇಕು. ಕಾರ್ನ್‌ವಾಲಿಸನಿಗೆ ಟಿಪ್ಪು ಬಡವಾದರೆ ಸಾಕು. ಇಡೀ ರಾಜ್ಯ ಮುರಿದರೆ ಅದನ್ನು ಇಬ್ಬರು ಮಿತ್ರರೊಡನೆ ಹಂಚಿಕೊಳ್ಳುವುದೇ ಹೊಸ ಯುದ್ಧವಾದೀತು. ಟಿಪ್ಪುವಿಗೆ ಅರ್ಧ ರಾಜ್ಯ ಉಳಿದದ್ದರಲ್ಲಿ ಯಾರ ಔದಾರ್ಯವೂ ಇಲ್ಲ. ಗೆದ್ದವರ ಪರಸ್ಪರ ಅನುಮಾನವೇ ಅದನ್ನು ಉಳಿಸಿತು ಎಂದು ನಾನು ತಿಳಿದಿದ್ದೇನೆ.

ಅರ್ಧ ಎಂದರೆ ಎಷ್ಟು? ಅದನ್ನು ವಿಸ್ತೀರ್ಣದಲ್ಲಿ ಅಳೆಯಲಿಲ್ಲ, ಕಂದಾಯದಲ್ಲಿ ಅಳೆದರು. ಟಿಪ್ಪುವಿನ ದಫ್ತರದಿಂದ ಲೆಕ್ಕ ಬಂತು, ಒಂದೊಂದು ತಾಲ್ಲೂಕಿನ ಹುಟ್ಟುವಳಿಯ ಮೇಲೂ ಜಗಳವಾಯಿತು. ಮನೆಯ ಪಾಲು ಕಂಡವರಿಗೆ ಇದು ಪರಿಚಿತ. ನೀರಾವರಿ ಯಾರಿಗೆ, ಖುಷ್ಕಿ ಯಾರಿಗೆ ಎಂಬ ಪ್ರಶ್ನೆ ಬಂದಾಗ ಅದುವರೆಗಿನ ಒಗ್ಗಟ್ಟು ಸಡಿಲವಾಗುತ್ತದೆ. ಕೊನೆಗೆ ಪ್ರತಿಯೊಬ್ಬರಿಗೂ ವರ್ಷಕ್ಕೆ ಸುಮಾರು 39 ಲಕ್ಷ ರೂಪಾಯಿ ಹುಟ್ಟುವಳಿಯ ನೆಲ ಬಂತು. ಅಂಕಿ ಸಮ, ನೆಲ ಸಮವಲ್ಲ. ಮರಾಠರ ಗಡಿ ತುಂಗಭದ್ರೆಗೆ ಬಂತು. ನಿಜಾಮನಿಗೆ ಕೊಪ್ಪಳದಿಂದ ಕಡಪದವರೆಗಿನ ಸೀಮೆ. ಕಂಪನಿ ಆರಿಸಿಕೊಂಡದ್ದು ಮಲಬಾರ್, ದಿಂಡಿಗಲ್, ಬಾರಾಮಹಲ್. ಎಂದರೆ ಕರಾವಳಿ ಮತ್ತು ಮೈಸೂರಿನಿಂದ ಇಳಿಯುವ ಘಟ್ಟದ ದಾರಿಗಳು.

ಪಟ್ಟಿಯಲ್ಲಿ ಕೊಡಗೂ ಇತ್ತು. ಕೊಡಗಿನ ಹುಟ್ಟುವಳಿ ದೊಡ್ಡದಲ್ಲ, ಆದರೆ ಅಲ್ಲಿಂದ ಶ್ರೀರಂಗಪಟ್ಟಣ ಕೆಲವೇ ದಿನದ ದಾರಿ. ಯುದ್ಧದಲ್ಲಿ ಕಂಪನಿಗೆ ದಾರಿ ಬಿಟ್ಟು ನೆರವಾಗಿದ್ದ ದೊಡ್ಡ ವೀರರಾಜೇಂದ್ರನನ್ನು ಕೈಬಿಡಲು ಕಾರ್ನ್‌ವಾಲಿಸ್ ಸಿದ್ಧನಿರಲಿಲ್ಲ. ಟಿಪ್ಪು ಕೆಂಡವಾದ. ಮಕ್ಕಳು ಆಗಲೇ ಒತ್ತೆಯಲ್ಲಿದ್ದರು, ಹಣದ ಒಂದು ಭಾಗ ಸಂದಾಯವಾಗಿತ್ತು. ಆದರೂ ಇಂಗ್ಲಿಷರು ಮತ್ತೆ ಮುತ್ತಿಗೆಗೆ ಸಜ್ಜಾದರು. ಟಿಪ್ಪು ಮಣಿದ ಮೇಲೆ ಮಾರ್ಚಿನಲ್ಲಿ ಅಂತಿಮ ಒಪ್ಪಂದಕ್ಕೆ ಮುದ್ರೆ ಬಿತ್ತು.

ಇನ್ನು ಉಳಿದದ್ದು ಜಾಮೀನು. ಟಿಪ್ಪು ಏರಿಬಂದರೆ ಒಟ್ಟಾಗಬೇಕು ಎಂಬ 1790ರ ಮಾತನ್ನು ಸ್ಪಷ್ಟವಾಗಿ ಬರೆದುಕೊಳ್ಳೋಣ ಎಂದು ಕಾರ್ನ್‌ವಾಲಿಸ್ ಒಂದು ಕರಡು ಮುಂದಿಟ್ಟ. ನಿಜಾಮ ಕೂಡಲೇ ಒಪ್ಪಿದ. ಪುಣೆಯವರು ಹೂಂ ಅನ್ನಲೂ ಇಲ್ಲ, ಉಹೂಂ ಅನ್ನಲೂ ಇಲ್ಲ, ಎಳೆಯುತ್ತ ಹೋದರು. ನಿಜಾಮನಿಂದ ಬರಬೇಕಾದ ಚೌತಾಯಿಯ ಹಳೆಯ ಬಾಕಿ ಅವರ ಮನಸ್ಸಿನಲ್ಲಿತ್ತು. ಅದನ್ನು ವಸೂಲಿ ಮಾಡುವ ದಿನ ಇಂಗ್ಲಿಷರು ನಿಜಾಮನ ಪಕ್ಕ ನಿಲ್ಲುವಂತೆ ಮಾಡುವ ಯಾವ ಕಾಗದಕ್ಕೂ ಅವರು ಸಹಿ ಹಾಕುವಂತಿರಲಿಲ್ಲ. 1793ರಲ್ಲಿ ಕಾರ್ನ್‌ವಾಲಿಸ್ ಊರಿಗೆ ಹೊರಟುಹೋದ. ಅವನ ನಂತರ ಬಂದ ಜಾನ್ ಶೋರ್ ಮರಾಠರನ್ನು ಎದುರು ಹಾಕಿಕೊಳ್ಳಲು ಬಯಸಲಿಲ್ಲ.

1795ರ ಮಾರ್ಚ್ 11ರಂದು, ಈಗಿನ ಮಹಾರಾಷ್ಟ್ರದ ಖರ್ಡಾ ಎಂಬಲ್ಲಿ ಮರಾಠರು ನಿಜಾಮನನ್ನು ಸೋಲಿಸಿದರು. ಕಂಪನಿ ತಟಸ್ಥವಾಗಿತ್ತು. ಮರಾಠರ ಸೇನಾಪತಿ ಪರಶುರಾಮ ಭಾವು. ಸೋತ ನಿಜಾಮ ನೆಲ ಬಿಟ್ಟುಕೊಟ್ಟ, ಸುಮಾರು 3 ಕೋಟಿ ಕೊಡಲು ಒಪ್ಪಿದ. ಮಂತ್ರಿ ಅರಿಸ್ತು ಜಾನನ್ನು ಒತ್ತೆಯಾಗಿ ಪುಣೆಗೆ ಕಳಿಸಿದ. ಈ ಅರಿಸ್ತು ಜಾ ಮೂರು ವರ್ಷಗಳ ಹಿಂದೆ ಶ್ರೀರಂಗಪಟ್ಟಣದ ಪಾಳೆಯದಲ್ಲಿ ಹರಿಪಂತನ ಪಕ್ಕದಲ್ಲಿದ್ದು, ಟಿಪ್ಪುವಿನಿಂದ ನೆಲ, ಹಣ, ಒತ್ತೆ ಮೂರನ್ನೂ ತೆಗೆದುಕೊಂಡವನು. (ಕಾಗದಗಳಲ್ಲಿ ಅವನು ಅಜೀಮ್-ಉಲ್-ಉಮ್ರಾ, ಮುಷೀರ್-ಉಲ್-ಮುಲ್ಕ್ ಎಂದೆಲ್ಲ ಬರುತ್ತಾನೆ. ಮೂವರೂ ಒಬ್ಬನೇ ಎಂದು ಹೊಸದಾಗಿ ಓದುವವರಿಗೆ ತಿಳಿದಿರುವುದು ಒಳ್ಳೆಯದು.)

ಇದೆಲ್ಲ ಇಂಗ್ಲಿಷರ ಒಡೆದಾಳುವ ತಂತ್ರ ಎಂದು ಹೇಳುವುದು ನಮಗೆ ರೂಢಿ. ಆ ವಿವರಣೆ ನನಗೆ ಸಾಲದು. ಖರ್ಡಾದ ಜಗಳ ಇಂಗ್ಲಿಷರು ಹುಟ್ಟಿಸಿದ್ದಲ್ಲ, ಚೌತಾಯಿಯ ಲೆಕ್ಕ ಅವರಿಗಿಂತ ಹಳೆಯದು. ನಾನಾ ಫಡ್ನವೀಸ ಮೋಸಹೋದವನೂ ಅಲ್ಲ, ಅವನ ಎಣಿಕೆಗೆ ಅವನದೇ ತರ್ಕವಿತ್ತು. ಇಂಗ್ಲಿಷರಿಗಿದ್ದ ಅನುಕೂಲ ಬೇರೆ: ಜಾಮೀನು ಕೊಡುವ ಶಕ್ತಿ ಇದ್ದದ್ದು ಅವರೊಬ್ಬರಿಗೇ, ಅದರ ಬೆಲೆ ಏರುವವರೆಗೆ ಅವರು ಕಾಯಬಹುದಿತ್ತು.

1799ರಲ್ಲಿ ಟಿಪ್ಪು ಸತ್ತ ಮೇಲೆ ಎರಡನೇ ಪಾಲುಪಟ್ಟಿಯಾಯಿತು. ಯುದ್ಧಕ್ಕೆ ಬಾರದ ಪೇಶ್ವೆಗೂ ಹರಪನಹಳ್ಳಿ, ಸೋಂದೆ, ಆನೆಗೊಂದಿಯ ಸೀಮೆಗಳನ್ನು ಷರತ್ತಿನ ಮೇಲೆ ಕೊಡುತ್ತೇವೆಂದರು. ಅವನು ಬೇಡವೆಂದ. ಆ ಪಾಲನ್ನೂ ಕಂಪನಿ ಮತ್ತು ನಿಜಾಮ ಹಂಚಿಕೊಂಡರು.

ಮರುವರ್ಷ, 1800ರ ಅಕ್ಟೋಬರ್ 12ರಂದು, ನಿಜಾಮನಿಗೆ ಹತ್ತು ವರ್ಷದಿಂದ ಕೇಳುತ್ತಿದ್ದ ಜಾಮೀನು ಸಿಕ್ಕಿತು. ಮರಾಠರೂ ಸೇರಿದಂತೆ ಯಾರೇ ಏರಿಬಂದರೂ ಕಂಪನಿ ಅವನನ್ನು ಕಾಯುತ್ತದೆ. ಅದಕ್ಕೆ ಬೇಕಾದ ಸೈನ್ಯದ ಖರ್ಚಿಗೆಂದು ಅವನು 1792 ಮತ್ತು 1799ರಲ್ಲಿ ಮೈಸೂರಿನಿಂದ ಪಡೆದಿದ್ದ ನೆಲವನ್ನು ಕಂಪನಿಗೆ ಬಿಟ್ಟುಕೊಟ್ಟ. ತುಂಗಭದ್ರೆಯ ಉತ್ತರಕ್ಕಿದ್ದ ಕೊಪ್ಪಳದಂಥ ಸೀಮೆ ಮಾತ್ರ ಅವನಿಗೇ ಉಳಿಯಿತು. ಬಳ್ಳಾರಿ ಮದರಾಸಿಗೆ ಸೇರಿತು. ಹೊಸ ಜಿಲ್ಲೆಗಳ ಕಂದಾಯ ನೋಡಲು ಕಂಪನಿ ಕಳಿಸಿದ್ದು ಥಾಮಸ್ ಮನ್ರೋನನ್ನು. ಅವನು ಆ ಕೆಲಸ ಕಲಿತದ್ದು ಬಾರಾಮಹಲಿನಲ್ಲಿ, 1792ರ ಪಟ್ಟಿಯಲ್ಲಿ ಕಂಪನಿಯ ಪಾಲಿಗೆ ಬಂದಿದ್ದ ನೆಲದಲ್ಲಿ.